ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್: ಕಾಸರಗೋಡಿನ ಮನೆಗಳಿಗೆ ಎಲ್ಲಿ ಸರಿ, ಎಲ್ಲಿ ದಂಡ

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಒಣಗಿದ, ಅಲುಗಾಟ ನಿಂತ, ತುಕ್ಕಿನಿಂದ ಹುಟ್ಟದ ಬಿರುಕಿಗೆ ಎಪಾಕ್ಸಿ ಇಂಜೆಕ್ಷನ್‌ಗಿಂತ, ಅಂದರೆ ಒತ್ತಡ ಕೊಟ್ಟು ಎಪಾಕ್ಸಿ ಅಂಟು ತುಂಬಿಸುವುದಕ್ಕಿಂತ, ಒಳ್ಳೆಯ ಮದ್ದಿಲ್ಲ: ಐದರಲ್ಲಿ ನಾಲ್ಕೂವರೆ ಅಂಕ. ಮಳೆಗಾಲದಲ್ಲಿ ನೀರು ಜಿನುಗುತ್ತಿರುವ ತಾರಸಿಗೆ ಒಂದೂವರೆ. ಕಂಬಿ ತುಕ್ಕು ಹಿಡಿದು ಸೀಳಿದ ಸನ್‌ಶೇಡಿಗೆ ಸೊನ್ನೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕಡಲ ಪಟ್ಟಿಯಲ್ಲಿ ಕಣ್ಣಿಗೆ ಬೀಳುವ ಬಿರುಕುಗಳಲ್ಲಿ ಈ ಮೂರನೆಯ ಜಾತಿಯವೇ ಹೆಚ್ಚು. ಆದ್ದರಿಂದ ಕೆಲಸಕ್ಕೆ ಜನ ಕರೆಸುವ ಮೊದಲು ಬಿರುಕು ಯಾವ ಜಾತಿಯದು ಎಂದು ತಿಳಿದುಕೊಳ್ಳಬೇಕು.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಎರಡು ಡಬ್ಬಿಗಳಲ್ಲಿ (ರೆಸಿನ್ ಮತ್ತು ಅದನ್ನು ಗಟ್ಟಿಮಾಡುವ ಹಾರ್ಡ್‌ನರ್) ಬರುವ ತೆಳು ಎಪಾಕ್ಸಿ ಮತ್ತು ಅದನ್ನು ತುಂಬಿಸುವ ವಿಧಾನ. ಸಿಕಾಡುರ್ 52, ನೈಟೋಫಿಲ್ ಇಪಿಎಲ್‌ವಿ ಈ ವರ್ಗದವು. ಜತೆಗೆ ಬಿರುಕಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಪೋರ್ಟುಗಳು (ರೆಸಿನ್ ಒಳಗೆ ಬಿಡುವ ಸಣ್ಣ ನಳಿಗೆಗಳು), ಬಾಯಿ ಮುಚ್ಚುವ ಗಟ್ಟಿ ಎಪಾಕ್ಸಿ ಪೇಸ್ಟ್, ಕೈ ಗನ್ನು ಅಥವಾ ಸಣ್ಣ ಪಂಪು ಬೇಕು. ಹೆಸರುವಾಸಿ ಕಂಪನಿಗಳ ರೆಸಿನ್‌ಗಳಲ್ಲಿ ಒಂದಕ್ಕೊಂದು ಇರುವ ವ್ಯತ್ಯಾಸ, ಅವನ್ನು ಬಳಸುವ ಕೈಗಳ ನಡುವಿನ ವ್ಯತ್ಯಾಸದ ಮುಂದೆ ತೀರಾ ಸಣ್ಣದು. ಆದರೂ ಡಬ್ಬಿಯ ಮಾಹಿತಿ ಹಾಳೆಯಲ್ಲಿ ಒಂದು ಸಂಗತಿ ನೋಡಲೇಬೇಕು. ಅಮೆರಿಕದ ಎಎಸ್‌ಟಿಎಂ ಸಿ 881 ಮಾನದಂಡದ ಗ್ರೇಡ್ 1 ಆಗಿರಬೇಕು, ಅಂದರೆ ಸ್ನಿಗ್ಧತೆ (ದ್ರವದ ಮಂದತನ) 2,000 ಸೆಂಟಿಪಾಯ್ಸ್ ಮೀರಬಾರದು. ಕೂದಲೆಳೆಯಂಥ ಬಿರುಕಿಗೆ ಕೆಲವು ನೂರರೊಳಗಿನದು ಇನ್ನೂ ಒಳ್ಳೆಯದು. ಒಳ್ಳೆಯ ರೆಸಿನ್ 0.05 ಮಿ.ಮೀ. ಸಂದಿಗೂ ಇಳಿಯಬಲ್ಲದು.

ಮನೆ ಕಾಂಕ್ರೀಟಿನ ಎಳೆತದ ಬಲ ಸುಮಾರು 2ರಿಂದ 3 ಮೆಗಾಪಾಸ್ಕಲ್. ಗಟ್ಟಿಯಾದ ಎಪಾಕ್ಸಿಯದು ಅದರ ಹತ್ತು ಪಟ್ಟಿಗೆ ಹತ್ತಿರ. ಸರಿಯಾಗಿ ತುಂಬಿದ ಬೀಮಿಗೆ ಮತ್ತೆ ಭಾರ ಹಾಕಿ ಒಡೆದರೆ ಹಳೆಯ ಜಾಗ ಬಿಡುವುದಿಲ್ಲ, ಪಕ್ಕದ ಕಾಂಕ್ರೀಟೇ ಸೀಳುತ್ತದೆ. ಇದೇ ಗುಣ ತಾರಸಿಯಲ್ಲಿ ದೋಷವಾಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆಯ ಮೇಲೆ ಕೂತ ಸ್ಲ್ಯಾಬು ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುತ್ತದೆ, ಗೋಡೆ ಅಷ್ಟು ಚಲಿಸುವುದಿಲ್ಲ. ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡಲಾಗಿ ಬರುವ ಆ ಗೆರೆಗೆ ಎಪಾಕ್ಸಿ ತುಂಬಿದರೆ ಮುಂದಿನ ಬೇಸಗೆಯೊಳಗೆ ಎರಡು ಬೆರಳು ಆಚೆ ಹೊಸ ಗೆರೆ ಬರುತ್ತದೆ. ಅಲ್ಲಿಗೆ ಬಿರುಕನ್ನು ಕಾಲುವೆಯಂತೆ ಅಗಲಿಸಿ, ಹಿಗ್ಗಬಲ್ಲ ಪಾಲಿಯುರಿಥೇನ್ ಸೀಲಂಟ್ ತುಂಬುವುದೇ ದಾರಿ.

ಬಿರುಕು ಚಲಿಸುತ್ತಿದೆಯೇ ಎಂದು ನೋಡಲು ದುಬಾರಿ ಉಪಕರಣ ಬೇಡ. ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಮೊಳೆ ಅಂಟಿಸಿ, ಬೆಳಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ವರ್ನಿಯರ್‌ನಲ್ಲಿ ಅವುಗಳ ಅಂತರ ಅಳೆಯಿರಿ. ಒಂದು ವಾರ ಬರೆದಿಟ್ಟರೆ ದಿನದ ಏರಿಳಿತ ಕಾಣುತ್ತದೆ. ಅಂತರ ವಾರದಿಂದ ವಾರಕ್ಕೆ ಒಂದೇ ದಿಕ್ಕಿಗೆ ಬೆಳೆಯುತ್ತಿದ್ದರೆ ಅಡಿಪಾಯ ಕುಸಿಯುತ್ತಿದೆ ಎಂಬ ಸಂಶಯ. ಆಗ ಇಂಜೆಕ್ಷನ್ ಮಾತೇ ಬೇಡ, ಇಂಜಿನಿಯರು ಬರಲಿ. ಕಂಬಕ್ಕೆ ತಾಗುವಲ್ಲಿ ಬೀಮಿನಲ್ಲಿ ಓರೆಯಾಗಿ ಹೋದ ಬಿರುಕಿಗೂ ಇದೇ ಮಾತು. ಮೊದಲು ಜಾಕಿ ಕೊಟ್ಟು ಭಾರ ಇಳಿಸಬೇಕು. ಎಪಾಕ್ಸಿ ಒಡೆದದ್ದನ್ನು ಮೊದಲಿದ್ದ ಬಲಕ್ಕೆ ತರುತ್ತದೆ. ಮೊದಲೇ ಸಾಲದಿದ್ದ ಕಂಬಿಯನ್ನು ಅದು ಸೇರಿಸಲಾರದು.

ತುಕ್ಕಿನ ಬಿರುಕು ಗುರುತಿಸುವುದು ಸುಲಭ. ಅದು ಕಂಬಿಯ ಗೆರೆಯುದ್ದಕ್ಕೂ ನೇರ ಓಡುತ್ತದೆ, ಅಂಚಿನಲ್ಲಿ ಕಂದು ಕಲೆ ಇರುತ್ತದೆ, ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು. ತುಕ್ಕಿಗೆ ಮೂಲ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಕು, ಆ ಒತ್ತಡವೇ ಕಾಂಕ್ರೀಟನ್ನು ಸೀಳುತ್ತದೆ. ಉಪ್ಪಿನ ಗಾಳಿಯ ಜತೆಗೆ ಸರಿಯಾಗಿ ತೊಳೆಯದ ಕಡಲ ಹೊಯಿಗೆ ಬಳಸಿದ ಹಳೆಯ ಮನೆಗಳಲ್ಲಿ ಉಪ್ಪು ಕಾಂಕ್ರೀಟಿನ ಒಳಗೇ ಕೂತಿದೆ. ಮೇಲಿನಿಂದ ಬಾಯಿ ಮುಚ್ಚಿದರೆ ಒಳಗಿನ ಕೆಲಸ ನಿಲ್ಲುವುದಿಲ್ಲ. ಸಡಿಲಾದ ಕಾಂಕ್ರೀಟನ್ನು ಕಂಬಿಯ ಹಿಂದಿನವರೆಗೆ ಕೆತ್ತಿ, ಕಂಬಿಯನ್ನು ಹೊಳೆಯುವಂತೆ ಉಜ್ಜಿ, ಸವೆದಿದ್ದರೆ ಹೊಸದು ಕಟ್ಟಿ, ಪಾಲಿಮರ್ ಗಾರೆ ಅಥವಾ ಮೈಕ್ರೋ ಕಾಂಕ್ರೀಟ್ ತುಂಬಬೇಕು. ಅಂಥ ಜಾಗಕ್ಕೆ ಇಂಜೆಕ್ಷನ್ ಮಾಡಿ ಹಣ ಪಡೆಯುವವರು ಮನೆಯವರಿಗೆ ಅನ್ಯಾಯ ಮಾಡುತ್ತಿದ್ದಾರೆ.

ಯಾವ ಬಿರುಕಿಗೆ ಚಿಂತೆ ಬೇಕು ಎಂಬುದಕ್ಕೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000 ಅಳತೆ ಕೊಡುತ್ತದೆ: ಸಾಮಾನ್ಯ ಭಾಗಗಳಿಗೆ 0.3 ಮಿ.ಮೀ., ಸದಾ ತೇವ ತಾಗುವ ಕಡೆ 0.2, ತೀವ್ರ ವಾತಾವರಣದಲ್ಲಿ 0.1. ಕಡಲಿಗೆ ಎದುರಾದ ಗೋಡೆ, ಕಂಬಗಳಿಗೆ ನಾವು ಕೊನೆಯ ಅಂಕಿಯನ್ನೇ ಹಿಡಿಯುವವರು. ಅಗಲ ಅಳೆಯಲು ಗೆರೆ ಮುದ್ರಿಸಿದ ಪಾರದರ್ಶಕ ಪಟ್ಟಿ ಸಿಗುತ್ತದೆ, ಅಗ್ಗ.

ಈಗ ಕೆಲಸದ ಕ್ರಮ. ಮೊದಲ ಹೆಜ್ಜೆ ಸಾರಣೆ (ಪ್ಲಾಸ್ಟರ್) ಕೀಳುವುದು. ಇದನ್ನು ಬಿಟ್ಟ ಕೆಲಸ ಎಷ್ಟು ಅಂದವಾಗಿ ಕಂಡರೂ ವ್ಯರ್ಥ. ಪೋರ್ಟನ್ನು ಸಾರಣೆಯ ಮೇಲೆ ಅಂಟಿಸಿದರೆ ರೆಸಿನ್ ಬಿರುಕಿಗೆ ಇಳಿಯದೆ ಸಾರಣೆ ಮತ್ತು ಕಾಂಕ್ರೀಟಿನ ನಡುವೆ ಹರಡುತ್ತದೆ. ಪಂಪು ಖಾಲಿಯಾಗುತ್ತದೆ, ಬಿರುಕು ಹಾಗೇ ಉಳಿಯುತ್ತದೆ. ಬಿರುಕಿನ ಎರಡೂ ಬದಿಗೆ ಕನಿಷ್ಠ 50 ಮಿ.ಮೀ. ಬರಿ ಕಾಂಕ್ರೀಟು ಕಾಣಬೇಕು. ನಂತರ ತಂತಿ ಬ್ರಷ್, ವ್ಯಾಕ್ಯೂಮ್, ಎಣ್ಣೆ ಹನಿ ಇಲ್ಲದ ಒಣ ಗಾಳಿ. ಗ್ರೈಂಡರ್ ಹಾಕಿ ಉಜ್ಜುವುದು ಬೇಡ, ಆ ಹಿಟ್ಟು ಬಿರುಕಿನ ಬಾಯಿಗೇ ತುಂಬಿಕೊಳ್ಳುತ್ತದೆ. ಆಸಿಡ್ ತೊಳೆತವೂ ಬೇಡ.

ಪೋರ್ಟುಗಳ ಅಂತರ ಸ್ಲ್ಯಾಬಿನ ದಪ್ಪದಷ್ಟಿರಲಿ. ರೆಸಿನ್ ಎಲ್ಲ ದಿಕ್ಕಿಗೂ ಹರಡುವುದರಿಂದ ಮುಂದಿನ ಪೋರ್ಟಿಗೆ ಬರುವ ಹೊತ್ತಿಗೆ ಅಷ್ಟೇ ಆಳಕ್ಕೂ ಇಳಿದಿರುತ್ತದೆ ಎಂಬುದು ಲೆಕ್ಕ. ಎರಡೂ ಕಡೆ ಕೈಗೆ ಸಿಗುವ ಗೋಡೆಯಾದರೆ ಎರಡೂ ಬದಿಗೆ, ಒಂದಕ್ಕೊಂದು ತಪ್ಪಿಸಿ ಅಂಟಿಸಬೇಕು. ಪೋರ್ಟಿನ ತೂತು ಸರಿಯಾಗಿ ಬಿರುಕಿನ ಮೇಲೆ ಕೂರಬೇಕು. ಒಂದು ಮೊಳೆಯನ್ನು ತೂತಿನ ಮೂಲಕ ಬಿರುಕಿಗೆ ತಾಗಿಸಿಟ್ಟು ಅಂಟಿಸಿ, ಪೇಸ್ಟ್ ಹಿಡಿದ ಮೇಲೆ ಎಳೆದರೆ ಬಾಯಿ ಕಟ್ಟುವುದಿಲ್ಲ. ಪೋರ್ಟುಗಳ ನಡುವಿನ ಬಿರುಕಿಗೆ 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಪೇಸ್ಟ್ ಎಳೆದು ಒಂದು ರಾತ್ರಿ ಬಿಡಬೇಕು. ಬಿರುಕು ಸ್ಲ್ಯಾಬಿನ ಆಚೆಗೂ ದಾಟಿದ್ದರೆ ಮೇಲ್ಭಾಗವನ್ನೂ ಮುಚ್ಚಬೇಕು.

ಇಲ್ಲೊಂದು ಲೆಕ್ಕ ನೋಡಿ. ಬಿರುಕಿನ ಉದ್ದ 3 ಮೀಟರ್, ಸ್ಲ್ಯಾಬಿನ ದಪ್ಪ 150 ಮಿ.ಮೀ., ಬಿರುಕಿನ ಅಗಲ 0.5 ಮಿ.ಮೀ. ಒಳಗೆ ಹಿಡಿಸುವುದು ಬರೇ 225 ಮಿ.ಲೀ., ಸುಮಾರು ಕಾಲು ಕೆ.ಜಿ. ರೆಸಿನ್. ಕೊಳವೆ, ಪೋರ್ಟುಗಳಲ್ಲಿ ಉಳಿಯುವುದು, ಚೆಲ್ಲುವುದು ಸೇರಿಸಿ 400 ಗ್ರಾಂ ಇಟ್ಟುಕೊಳ್ಳಿ. ಆದರೆ ಪೇಸ್ಟ್ 450 ಮಿ.ಲೀ. ಬೇಕು, ತೂಕದಲ್ಲಿ ಮುಕ್ಕಾಲು ಕೆ.ಜಿ.ಯ ಹತ್ತಿರ. ಮೇಲ್ಭಾಗವನ್ನೂ ಮುಚ್ಚುವುದಾದರೆ ಇನ್ನೂ ಅಷ್ಟು. ಪೋರ್ಟು 21. ಅಂದರೆ ರೆಸಿನ್‌ಗಿಂತ ಪೇಸ್ಟೇ ಹೆಚ್ಚು. ಆ ಖರ್ಚು ಉಳಿಸಲು ಪೇಸ್ಟಿನ ಬದಲು ಬಿಳಿ ಸಿಮೆಂಟಿನಲ್ಲೋ ಪುಟ್ಟಿಯಲ್ಲೋ ಬಾಯಿ ಮುಚ್ಚುವವರ ಕೆಲಸದಲ್ಲಿ ಒತ್ತಡ ಬಿದ್ದ ಕೂಡಲೇ ಪದರ ಕಿತ್ತುಬರುತ್ತದೆ.

ಡಬ್ಬಿಯಲ್ಲಿ 2:1 ಎಂದಿದ್ದರೆ ತೂಕವೋ ಅಳತೆಯೋ ಎಂದು ಓದಿ. ಎರಡು ಭಾಗಗಳ ಸಾಂದ್ರತೆ ಬೇರೆಯಾದರೆ ಎರಡೂ ಒಂದೇ ಅಲ್ಲ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ ಹೆಚ್ಚು ಹಾಕುವುದು ಪಾಲಿಯೆಸ್ಟರ್ ಕೆಲಸದವರ ರೂಢಿ, ಎಪಾಕ್ಸಿಗೆ ಅದು ವಿಷ. ಹೆಚ್ಚಾದ ಹಾರ್ಡ್‌ನರ್ ಒಳಗೆ ಹಾಗೇ ಉಳಿದು ರೆಸಿನ್ ಮೆತ್ತಗಾಗುತ್ತದೆ. ಡಿಜಿಟಲ್ ತಕ್ಕಡಿ ತಾರದ ತಂಡಕ್ಕೆ ಕೆಲಸ ಕೊಡಬೇಡಿ. ಮೂರು ನಿಮಿಷ ನಿಧಾನ ಕಲಸಿ, ಪಾತ್ರೆಯ ಅಂಚು ಕೆರೆದು, ಬೇರೆ ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಬೇಕು. ಒಮ್ಮೆಗೆ ಅರ್ಧ ಕೆ.ಜಿ.ಗಿಂತ ಹೆಚ್ಚು ಬೇಡ. ಉಷ್ಣತೆ 10 ಡಿಗ್ರಿ ಏರಿದರೆ ಬಳಕೆಯ ಸಮಯ ಅರ್ಧಕ್ಕಿಳಿಯುತ್ತದೆ. ಸಾಲದ್ದಕ್ಕೆ ಬಾಲ್ದಿಯಲ್ಲಿ ರಾಶಿಯಾಗಿ ನಿಂತ ರೆಸಿನ್ ತನ್ನದೇ ಬಿಸಿಗೆ ಹೊಗೆಯಾಡಿ ಗಡ್ಡೆಯಾಗುತ್ತದೆ. ಏಪ್ರಿಲ್ ಮಧ್ಯಾಹ್ನ ಬದಿಯಡ್ಕದ ತಾರಸಿಯಲ್ಲಿ ಒಂದು ಕೆ.ಜಿ. ಒಟ್ಟಿಗೆ ಕಲಸಿದರೆ ಅರ್ಧ ಪಂಪಿನಲ್ಲೇ ಕಲ್ಲಾಗುವುದು ಖಚಿತ.

ತುಂಬಿಸುವುದು ಗೋಡೆಯಲ್ಲಿ ಕೆಳಗಿನ ಪೋರ್ಟಿನಿಂದ, ಸ್ಲ್ಯಾಬಿನಲ್ಲಿ ಒಂದು ತುದಿಯಿಂದ ಅಥವಾ ಬಿರುಕು ಅತಿ ಅಗಲ ಇರುವಲ್ಲಿಂದ. ಒತ್ತಡ 1ರಿಂದ 3 ಬಾರ್ ಸಾಕು. ತಾಳ್ಮೆ ಬೇಕಾದದ್ದು ಇಲ್ಲೇ: ಮುಂದಿನ ಪೋರ್ಟಿನಲ್ಲಿ ಗುಳ್ಳೆಯಿಲ್ಲದ ರೆಸಿನ್ ಬರುವವರೆಗೆ ಕಾದು, ಅದನ್ನು ಮುಚ್ಚಿ, ಇದೇ ಪೋರ್ಟಿನಲ್ಲಿ ಸ್ವಲ್ಪ ಹೊತ್ತು ಒತ್ತಡ ಹಿಡಿದು, ಆಮೇಲೆ ಮುಂದಕ್ಕೆ. ಅವಸರಪಟ್ಟು ಹಾರಿದರೆ ಗಾಳಿ ಸಿಕ್ಕಿಬೀಳುತ್ತದೆ. ಎರಡು ತುದಿಯಿಂದ ಇಬ್ಬರು ಒಟ್ಟಿಗೆ ತುಂಬಿಸಿದರೆ ನಡುವೆ ಖಾಲಿ ಉಳಿಯುತ್ತದೆ. ಪೋರ್ಟು ರೆಸಿನ್ ತೆಗೆದುಕೊಳ್ಳದೆ ಒತ್ತಡ ಮಾತ್ರ ಏರುತ್ತಿದ್ದರೆ ಬಾಯಿ ಕಟ್ಟಿದೆ ಎಂದರ್ಥ, ಒತ್ತಡ ಹೆಚ್ಚಿಸಿ ಗುದ್ದಾಡಬಾರದು, ಬಿರುಕೇ ಅಗಲವಾದೀತು. ಲೆಕ್ಕಕ್ಕಿಂತ ಎರಡು ಪಟ್ಟು ಹೋಗಿಯೂ ತುಂಬದಿದ್ದರೆ ಒಳಗೆ ಜಲ್ಲಿ ಬಿಟ್ಟ ಪೊಳ್ಳು ಇದೆ ಅಥವಾ ಆಚೆ ಬದಿಯಲ್ಲಿ ಸೋರುತ್ತಿದೆ. ನಿಲ್ಲಿಸಿ ಹುಡುಕಬೇಕು.

ಕಾಲ ಯಾವುದು? ಡಿಸೆಂಬರಿನಿಂದ ಏಪ್ರಿಲ್, ತಡವೆಂದರೆ ಪತ್ತನಾಜೆಯೊಳಗೆ (ಮೇ ಕೊನೆಯ ವಾರದೊಳಗೆ). ಬೆಳಗ್ಗೆ, ಮಂಜು ಆರಿದ ಮೇಲೆ, ಬಿಸಿಲು ಏರುವ ಮೊದಲು. ಆಗ ಕಾಂಕ್ರೀಟು ಕುಗ್ಗಿ ಬಿರುಕು ಅಗಲವಾಗಿರುತ್ತದೆ, ರೆಸಿನ್‌ಗೂ ಸಮಯ ಸಿಗುತ್ತದೆ. ಜೋರು ಮಳೆಯ ಆಟಿ ತಿಂಗಳಲ್ಲಿ ಬಿರುಕಿನೊಳಗೆ ನೀರಿನ ಪೊರೆ ಇರುತ್ತದೆ, ಸಾಮಾನ್ಯ ಎಪಾಕ್ಸಿ ಅದಕ್ಕೆ ಹಿಡಿಯುವುದಿಲ್ಲ, ಹಾರ್ಡ್‌ನರ್ ತೇವಕ್ಕೆ ಬೆಳ್ಳಗಾಗುತ್ತದೆ. ತೇವ ಸಹಿಸುವ ರೆಸಿನ್ ಇದೆ ನಿಜ, ಆದರೆ ಹರಿಯುವ ನೀರನ್ನು ಅದೂ ನಿಲ್ಲಿಸದು. ಮಳೆಯಲ್ಲೇ ಸೋರಿಕೆ ನಿಲ್ಲಿಸಬೇಕೆಂದರೆ ಬಿರುಕಿಗೆ 45 ಡಿಗ್ರಿ ಓರೆಯಾಗಿ ಕೊರೆದು ಲೋಹದ ಪ್ಯಾಕರ್ (ತೂತಿನಲ್ಲಿ ಬಿಗಿಯಾಗುವ ನಳಿಗೆ) ಕೂರಿಸಿ ಪಾಲಿಯುರಿಥೇನ್ ಹೊಡೆಯಬೇಕು. ಅದು ನೀರಿಗೆ ಉಬ್ಬಿ ಸೋರಿಕೆ ನಿಲ್ಲಿಸುತ್ತದೆ, ಬಲ ಕೊಡುವುದಿಲ್ಲ. ತೋಟದ ನೀರಿನ ಟ್ಯಾಂಕಿಗೂ ಹೀಗೆಯೇ ಆಲೋಚಿಸಿ. ಕುಡಿಯುವ ನೀರಿನದ್ದಾದರೆ ಅದಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಕೇಳಿ ಪಡೆಯಿರಿ. ಕೊಬ್ಬರಿ, ಅಡಿಕೆ ಒಣಗಿಸುವ ಬೆಂಕಿಯ ಗೂಡಿನ ಮೇಲಿನ ಸ್ಲ್ಯಾಬಿಗೆ ಎಪಾಕ್ಸಿ ಬೇಡವೇ ಬೇಡ. ಹೊರಗಿನ ಉಷ್ಣತೆಯಲ್ಲಿ ಗಟ್ಟಿಯಾಗುವ ಸಾಮಾನ್ಯ ರೆಸಿನ್‌ಗಳು 50–60 ಡಿಗ್ರಿಯಲ್ಲೇ ಮೆತ್ತಗಾಗತೊಡಗುತ್ತವೆ.

ಕೈಗೆ ನೈಟ್ರೈಲ್ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ಪೋರ್ಟು ಚಿಮ್ಮುವುದು ನೇರ ಮುಖಕ್ಕೆ. ಚರ್ಮಕ್ಕೆ ತಾಗಿದ್ದನ್ನು ಥಿನ್ನರಿನಲ್ಲಿ ತೊಳೆಯಬಾರದು, ಸಾಬೂನು ನೀರೇ ಸರಿ. ಒಮ್ಮೆ ಅಲರ್ಜಿ ಹತ್ತಿದರೆ ಆ ಕೆಲಸಗಾರ ಮತ್ತೆ ಎಪಾಕ್ಸಿ ಮುಟ್ಟುವಂತಿಲ್ಲ. ಉಳಿದ ರೆಸಿನನ್ನು ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ಬಳಿ ಸುರಿಯಲು ಬಿಡಬೇಡಿ. ಎರಡು ಭಾಗ ಬೆರೆಸಿ ಗಟ್ಟಿ ಮಾಡಿಯೇ ಎಸೆಯಬೇಕು.

ದರ ಕೇಳುವಾಗ ಹೇಗೆ ಲೆಕ್ಕ ಹಾಕುತ್ತಾರೆ ಎಂದು ನೋಡಿ. ರೆಸಿನ್ ಕೆ.ಜಿ. ಲೆಕ್ಕವಾದರೆ ಚೆಲ್ಲಿದ್ದಕ್ಕೂ ನೀವೇ ಹಣ ಕೊಡುತ್ತೀರಿ. ಪೋರ್ಟು ಲೆಕ್ಕವಾದರೆ ಬೇಡದಲ್ಲೂ ಪೋರ್ಟು ಬರುತ್ತದೆ. ಬರೇ ಮೀಟರ್ ಲೆಕ್ಕವಾದರೆ ತುಂಬಿತೋ ಇಲ್ಲವೋ ಎನ್ನದೆ ಮುಂದೆ ಹೋಗುತ್ತಾರೆ. ನಮ್ಮ ಮಟ್ಟಿಗೆ ಮೀಟರ್ ದರವೇ ವಾಸಿ, ಒಂದು ಷರತ್ತಿನ ಮೇಲೆ: ಪ್ರತಿ ಪೋರ್ಟಿಗೆ ಎಷ್ಟು ಗ್ರಾಂ ಹೋಯಿತು, ಮುಂದಿನದರಲ್ಲಿ ಬಂತೇ ಎಂಬ ಪಟ್ಟಿ ಕೊಡಬೇಕು. 225 ಮಿ.ಲೀ. ಹಿಡಿಸುವ ಬಿರುಕಿಗೆ 60 ಹೋಗಿದ್ದರೆ ಕೆಲಸ ಆಗಿಲ್ಲ. ದೊಡ್ಡ ಕಟ್ಟಡವಾದರೆ 50 ಮಿ.ಮೀ. ವ್ಯಾಸದ ಕೋರ್ (ಕಾಂಕ್ರೀಟಿನ ದುಂಡು ತುಂಡು) ಕೊರೆದು ತೆಗೆದು ನೋಡಬಹುದು, ಬಿರುಕಿನ ಆಳದ 90 ಶೇಕಡಾಕ್ಕಿಂತ ಕಡಿಮೆ ತುಂಬಿದ್ದರೆ ತಿರಸ್ಕರಿಸಬೇಕು. ಕೋರ್ ಕೊರೆಯುವಾಗ ಕಂಬಿ ಕಡಿಯದಂತೆ ಮೊದಲು ಒಳಗಿನ ಕಂಬಿ ಪತ್ತೆ ಮಾಡುವ ಕವರ್ ಮೀಟರ್‌ನಲ್ಲಿ ಗುರುತು ಹಾಕಿಸಿ.

ಜಾಕಿ ತೆಗೆಯಲು, ಪೋರ್ಟು ಒಡೆದು ಪೇಸ್ಟ್ ಉಜ್ಜಲು ಅವಸರ ಬೇಡ. ಪೂರ್ತಿ ಬಲ ಬರಲು ಏಳು ದಿನ ಬಿಡಿ. ಪೇಸ್ಟನ್ನು ಗ್ರೈಂಡರಿನಲ್ಲಿ ಪೂರ್ತಿ ತೆಗೆಯದಿದ್ದರೆ ಹೊಸ ಸಾರಣೆ ಅದರ ಮೇಲೆ ಹಿಡಿಯುವುದಿಲ್ಲ, ಮುಂದಿನ ಮಳೆಗಾಲಕ್ಕೆ ಅದೇ ಗೆರೆಯಲ್ಲಿ ಸಾರಣೆ ಕಳಚಿ ಇಂಜೆಕ್ಷನ್ ಸೋತಿತೆಂಬ ತಪ್ಪು ದೂರು ಬರುತ್ತದೆ.