ಹೊಸ ರೀಫ್ ಅಕ್ವೇರಿಯಂಗೆ ಆರ್‌ಒ-ಡಿಐ ಘಟಕ: ಬೆಂಗಳೂರಿನ ನೀರಿನಲ್ಲಿ ಬಳಸಿ ನೋಡಿದ ಮೇಲೆ

ಸಮುದ್ರದ ನೀರಿನ ಅಕ್ವೇರಿಯಂ ಆರಂಭಿಸುವವರು ಮೊದಲ ವಾರಗಳ ಪಾಚಿಯ ಕಾಟಕ್ಕೆ ಔಷಧಿ ಹುಡುಕುವುದಕ್ಕಿಂತ, ತೊಟ್ಟಿಗೆ ಹಾಕುವ ನೀರನ್ನೇ ಮೊದಲು ಸರಿಪಡಿಸಿಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕಾರಣಕ್ಕೆ ಶಿವಾಜಿನಗರದ ಅಕ್ವೇರಿಯಂ ಅಂಗಡಿಯೊಂದು ಜೋಡಿಸಿಕೊಡುವ ನಾಲ್ಕು ಹಂತದ ಆರ್‌ಒ-ಡಿಐ ಘಟಕವನ್ನು (ರಿವರ್ಸ್ ಆಸ್ಮೋಸಿಸ್ ಮತ್ತು ಡಿಅಯಾನೈಸೇಶನ್ ಎಂಬ ಎರಡು ವಿಧಾನಗಳಿಂದ ನೀರಿನಲ್ಲಿ ಕರಗಿರುವುದನ್ನು ತೆಗೆಯುವ ಯಂತ್ರ) ಕೊಂಡು, ಹೊಸ ತೊಟ್ಟಿಯೊಂದನ್ನು ಆರಂಭದಿಂದಲೂ ಅದರ ನೀರಿನಲ್ಲಿಯೇ ನಡೆಸಿದ್ದೇನೆ. ಇದರಲ್ಲಿ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ತೆಗೆಯುವ ಕಾರ್ಬನ್ ಬ್ಲಾಕ್, 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಸಾಮರ್ಥ್ಯದ ಆರ್‌ಒ ಮೆಂಬ್ರೇನ್ ಮತ್ತು ಉಳಿದ ಅಯಾನುಗಳನ್ನು ಹಿಡಿದಿಡುವ ಡಿಐ ರೆಸಿನ್ ತುಂಬಿದ ಪಾರದರ್ಶಕ ಕೊಳವೆ ಇವೆ. ಬೂಸ್ಟರ್ ಪಂಪಿಗೆ ಪ್ರತ್ಯೇಕವಾಗಿ ಹಣ ಕೊಡಬೇಕು, ಆದರೆ ಅದನ್ನು ಬಿಡುವಂತಿಲ್ಲ. 10 ಮೀಟರ್ ಎತ್ತರದ ಓವರ್‌ಹೆಡ್ ಟ್ಯಾಂಕಿನಿಂದ ಸಿಗುವುದು ಸುಮಾರು 14 ಪಿಎಸ್‌ಐ ಒತ್ತಡ ಮಾತ್ರ. ಮೆಂಬ್ರೇನ್ ಚೆನ್ನಾಗಿ ಕೆಲಸ ಮಾಡಲು 50ರಿಂದ 60 ಬೇಕು.

ಕುಡಿಯುವ ನೀರಿನ ಆರ್‌ಒ ಮನೆಯಲ್ಲೇ ಇರುವಾಗ ಇನ್ನೊಂದು ಯಂತ್ರವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಮ್ಮಲ್ಲಿ ಮಾರಾಟವಾಗುವ ಅನೇಕ ಪ್ಯೂರಿಫೈಯರ್‌ಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಇರುತ್ತದೆ. ರುಚಿ ಉಳಿಯಲೆಂದು ಅದು ಮೆಂಬ್ರೇನ್ ಹಾಯದ ನೀರನ್ನೂ ಸ್ವಲ್ಪ ಬೆರೆಸುತ್ತದೆ. ಆ ನೀರಿನ ಜೊತೆಗೆ ಪಾಚಿಗೆ ಆಹಾರವಾಗುವ ನೈಟ್ರೇಟ್ ಮತ್ತು ಸಿಲಿಕಾ ಕೂಡ ಬರುತ್ತವೆ. ಬೆಂಗಳೂರು ಗ್ರಾನೈಟ್ ಮತ್ತು ನೈಸ್ ಶಿಲೆಗಳ ಮೇಲಿರುವ ಊರಾದ್ದರಿಂದ, ಆ ಬಂಡೆಗಳ ಬಿರುಕುಗಳಿಂದ ಮೇಲೆ ಬರುವ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಕರಗಿರುತ್ತದೆ. ಹೊಸ ಮರಳಿನ ಮೇಲೆ ಹರಡುವ ಕಂದು ಪುಡಿಯಂತೆ ಕಾಣುವ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ತಮ್ಮ ಕವಚವನ್ನು ಕಟ್ಟಿಕೊಳ್ಳುವುದು ಇದೇ ಸಿಲಿಕಾದಿಂದ.

ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 600ರ ಆಸುಪಾಸಿನಲ್ಲಿದೆ. ಮೆಂಬ್ರೇನ್ ದಾಟಿದಾಗ ಅದು 20ರ ಹತ್ತಿರಕ್ಕೆ ಇಳಿಯುತ್ತದೆ, ಡಿಐ ದಾಟಿದ ಮೇಲೆ ಮೀಟರ್ ಸೊನ್ನೆ ತೋರಿಸುತ್ತದೆ. ಕೊಳವೆಯೊಳಗಿನ ಕಡುನೀಲಿ ರೆಸಿನ್ ಬಳಕೆಯಾದಂತೆ ಕೆಳಗಿನಿಂದ ಕಂದು-ಹಳದಿಗೆ ತಿರುಗುತ್ತದೆ, ಎರಡು ಬಣ್ಣಗಳ ನಡುವಿನ ಗೆರೆ ಮೇಲೇರುವುದು ಬರಿಗಣ್ಣಿಗೇ ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಸಿಲಿಕಾ ವಾಹಕತೆಯನ್ನು ಅಷ್ಟಾಗಿ ಹೆಚ್ಚಿಸುವುದಿಲ್ಲ, ಮೇಲಾಗಿ ರೆಸಿನ್ ಸೋಲತೊಡಗಿದಾಗ ಮೊದಲು ನುಸುಳಿಹೋಗುವುದೂ ಅದೇ. ಆದ್ದರಿಂದ ಮೀಟರ್ ಸೊನ್ನೆಯಲ್ಲೇ ಇದ್ದರೂ, ಗೆರೆ ಕೊಳವೆಯ ತುದಿ ಮುಟ್ಟುವ ಮುನ್ನವೇ ರೆಸಿನ್ ಬದಲಿಸುವುದು ಕ್ಷೇಮ.

ರೆಸಿನ್ ಖರ್ಚಾಗುವ ವೇಗವೇ ಈ ಘಟಕದ ಬಗ್ಗೆ ನನಗಿರುವ ದೊಡ್ಡ ಅಸಮಾಧಾನ. ಬೋರ್‌ವೆಲ್ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಮೆಂಬ್ರೇನ್ ತಡೆಯಲಾರದು. ಅದೆಲ್ಲ ನೇರವಾಗಿ ರೆಸಿನ್ ಮೇಲೆ ಬೀಳುತ್ತದೆ. ಆರ್‌ಒ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದು, ಏರ್‌ಸ್ಟೋನ್ ಹಾಕಿ ರಾತ್ರಿಯಿಡೀ ಗಾಳಿಯಾಡಿಸಿ ಆ ಅನಿಲ ಹೊರಹೋಗುವಂತೆ ಮಾಡಿ, ಬಳಿಕ ಡಿಐ ಕೊಳವೆಯ ಮೂಲಕ ಹಾಯಿಸತೊಡಗಿದ ಮೇಲೆ ರೆಸಿನ್ ಸ್ಪಷ್ಟವಾಗಿ ಹೆಚ್ಚು ಕಾಲ ಬಾಳುತ್ತಿದೆ. ಈ ಉಪಾಯವನ್ನು ಅಂಗಡಿಯವರೇ ತಿಳಿಸಿಕೊಡಬೇಕಿತ್ತು.

ಫಲಿತಾಂಶದ ಮಟ್ಟಿಗೆ ನಾನು ತೃಪ್ತನಾಗಿದ್ದೇನೆ. ಡಯಾಟಮ್ ತೆಳ್ಳಗೆ ಬಂದು ತಾನಾಗಿಯೇ ಹೋಯಿತು, ಕೂದಲು ಪಾಚಿ ಕಲ್ಲಿನ ಅಂಚುಗಳನ್ನು ದಾಟಲಿಲ್ಲ. ಆವಿಯಾಗುವ ನೀರಿನ ಬದಲಿಗೆ ದಿನವೂ ಸೇರಿಸುವ ನೀರೂ ಇದೇ ಆಗಿರಬೇಕು. ಆವಿಯಾಗಿ ಹೋಗುವುದು ನೀರು ಮಾತ್ರ, ನಲ್ಲಿ ನೀರಿನಲ್ಲಿ ಬಂದ ನೈಟ್ರೇಟ್, ಫಾಸ್ಫೇಟ್ ಎಲ್ಲವೂ ತೊಟ್ಟಿಯಲ್ಲೇ ಉಳಿದು ಕೂಡುತ್ತಾ ಹೋಗುತ್ತವೆ. ಆದರೂ ಎಲ್ಲ ಶ್ರೇಯಸ್ಸು ಯಂತ್ರದ್ದೇ ಎಂದರೆ ತಪ್ಪಾದೀತು. ಮೊದಲ ವಾರಗಳಲ್ಲಿ ದೀಪದ ಅವಧಿಯನ್ನು ಕಡಿಮೆ ಇಟ್ಟಿದ್ದೆ, ಮೀನುಗಳನ್ನು ನಿಧಾನವಾಗಿ ಸೇರಿಸಿದೆ, ಪಾಚಿ ಮೇಯುವ ಟರ್ಬೊ ಬಸವನಹುಳುಗಳನ್ನು ಬಿಟ್ಟಿದ್ದೆ. ತೊಟ್ಟಿಯ ಕಲ್ಲುಗಳೆಲ್ಲ ಮನುಷ್ಯ ನಿರ್ಮಿತ, ಹವಳದ ಕಲ್ಲುಗಳಲ್ಲ. ನಮ್ಮ ಕಡಲಿನ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅವುಗಳನ್ನು ಯಾರು ತಂದುಕೊಡುತ್ತೇವೆಂದರೂ ಕೊಳ್ಳಬಾರದು. ಶುದ್ಧ ನೀರು ಸಿಕ್ಕಿತೆಂದು ತೊಟ್ಟಿಯ ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸುವುದೂ ಸಲ್ಲದು. ಅಂತಹ ಬರಡು ನೀರಿನಲ್ಲಿ ಡಯಾಟಮ್‌ಗಿಂತ ಹಟಮಾರಿ ಸೂಕ್ಷ್ಮಜೀವಿಗಳಾದ ಡೈನೋಫ್ಲಾಜೆಲೇಟ್‌ಗಳು ತಲೆಯೆತ್ತುತ್ತವೆ, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ನಡುವೆ ಇದ್ದರೆ ಸಾಕು.

ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ತ್ಯಾಜ್ಯ ನೀರಾಗಿ ಹೊರಹೋಗುತ್ತದೆ. 2024ರ ಬೇಸಿಗೆಯಲ್ಲಿ ಈ ಊರು ಟ್ಯಾಂಕರ್‌ಗಳಿಗಾಗಿ ಕಾದದ್ದನ್ನು ಕಂಡವರು ಅದನ್ನು ಚರಂಡಿಗೆ ಬಿಡಲಾರರು. ನಮ್ಮಲ್ಲಿ ಅದು ನೆಲ ಒರೆಸಲು ಮತ್ತು ಶೌಚಾಲಯಕ್ಕೆ ಹೋಗುತ್ತದೆ. ಆ ತ್ಯಾಜ್ಯ ನೀರಿನ ಪೈಪಿಗೆ ಎರಡನೆಯ ಡ್ರಮ್ ಇಡಲು ಜಾಗ ನೋಡಿಕೊಂಡೇ ಘಟಕವನ್ನು ಗೋಡೆಗೆ ಕೂರಿಸಿರಿ. ಕಾವೇರಿ ನೀರು ನಿಯಮಿತವಾಗಿ ಬರುವ ಮನೆಗೆ ಒಂದೇ ಡಿಐ ಕೊಳವೆಯ ಈ ಮಾದರಿ ಸಾಕು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರನ್ನೇ ನಂಬಿರುವವರು ಎರಡು ಕೊಳವೆಗಳನ್ನು ಸಾಲಾಗಿ ಜೋಡಿಸಿಕೊಡುವಂತೆ ಕೊಳ್ಳುವಾಗಲೇ ಕೇಳಿರಿ, ಹೆಚ್ಚುವರಿ ಹಣ ಕೊಟ್ಟರೆ ಅಂಗಡಿಯವರು ಮಾಡಿಕೊಡುತ್ತಾರೆ.