ಕೇಕ್ ಬರಿಯೋದಕ್ಕಿಂತ ಜೋಡಿಸೋದೇ ಕಷ್ಟ ಮಾರಾಯ್ರೆ

ಪೇಸ್ಟ್ರಿ, ಸಿಹಿತಿಂಡಿ ಇಟ್ಕೊಂಡು ಸ್ಟಿಲ್ ಲೈಫ್ (ಅಂದ್ರೆ ಟೇಬಲ್ ಮೇಲೆ ಜೋಡಿಸಿಟ್ಟ ವಸ್ತುಗಳ ಚಿತ್ರ) ಬರಿಯೋದು ಹೇಗೆ ಅಂತ ಒಂದು ಆನ್‌ಲೈನ್ ಕೋರ್ಸ್ ತಗೊಂಡಿದ್ದೆ, ಒಟ್ಟು 6 ವಿಡಿಯೋ, ಹೋದ ವಾರ ಮುಗೀತು. ಹೆಸರು ಹೇಳಲ್ಲ, ಬೈಯೋದು ಸ್ವಲ್ಪ ಇದೆ.

ಮೊದಲ ಎರಡು ವಿಡಿಯೋದಲ್ಲಿ ಬ್ರಷ್ಷೇ ಮುಟ್ಟಲ್ಲ, ಬರೀ ಜೋಡಿಸೋದು. ದುಡ್ಡು ಕೊಟ್ಟಿದ್ದು ಟೇಬಲ್ ಸಿಂಗರಿಸೋಕಾ ಅಂತ ಸಿಟ್ಟು ಬಂದಿತ್ತು. ಆದ್ರೆ ಇಡೀ ಕೋರ್ಸಲ್ಲಿ ಕಾಸಿಗೆ ಬೆಲೆ ಇರೋದು ಅವೆರಡಕ್ಕೇ. ನಾನು ಯಾವಾಗ್ಲೂ ಮೂರು ಕಪ್‌ಕೇಕನ್ನ ಗ್ರೂಪ್ ಫೋಟೋಗೆ ನಿಲ್ಸಿದ ಹಾಗೆ ಸಾಲಾಗಿ ಇಡ್ತಿದ್ದೆ, ಒಂದಕ್ಕೊಂದು ತಾಗ್ತಿರ್ಲಿಲ್ಲ, ಎಲ್ಲಾ ಒಂದೇ ಎತ್ತರ. ಮೇಷ್ಟ್ರು ಹೇಳಿದ ಹಾಗೆ ಒಂದನ್ನ ಹಿಂದಕ್ಕೆ ಸರಿಸಿ ಅರ್ಧ ಮರೆ ಮಾಡ್ದೆ, ಒಂದನ್ನ ಕತ್ತರಿಸಿ ಒಳಗಿನ ಪದರ ಕಾಣೋ ಹಾಗೆ ತಿರುಗಿಸ್ದೆ, ಲೈಟು ಒಂದೇ ಕಡೆಯಿಂದ ಬಿಟ್ಟೆ, ಕೊನೆಗೆ ಚಾಕುವಿನ ಹಿಡಿ ಟೇಬಲ್ ಅಂಚಿಂದ ಎರಡು ಬೆರಳು ಹೊರಗೆ ಚಾಚೋ ಹಾಗೆ ಇಟ್ಟೆ ನೋಡಿ, ಚಪ್ಪಟೆ ಬಿದ್ದಿದ್ದ ಚಿತ್ರ ಎದ್ದು ಕೂತ್ಕೊಳ್ತು.

ಫ್ರೆಂಚ್ ಕಲಾವಿದ ಶಾರ್ದ್ಯಾಂ 1763ರಲ್ಲಿ ಬರೆದ ಬ್ರಿಯೋಶ್ (ಬೆಣ್ಣೆ, ಮೊಟ್ಟೆ ಹಾಕಿದ ಬ್ರೆಡ್ಡು) ಚಿತ್ರ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆಯಲ್ಲ, ಅದನ್ನ ಇಟ್ಕೊಂಡು ಪಾಠ ಮಾಡಿದ್ದು ಚೆನ್ನಾಗಿತ್ತು. ನಡುವೆ ಉಬ್ಬಿದ ಬ್ರಿಯೋಶ್, ಅದರ ನೆತ್ತಿ ಮೇಲೆ ಕಿತ್ತಳೆ ಹೂವಿನ ಒಂದು ಕಡ್ಡಿ, ಆಚೀಚೆ ಉಳಿದದ್ದೆಲ್ಲ ತಗ್ಗಿ ಕೂತಿದೆ. ಆ ಕಡ್ಡೀನ ಬೆರಳಲ್ಲಿ ಮುಚ್ಚಿ ನೋಡಿ, ಮಧ್ಯದಲ್ಲಿರೋದು ಬರೀ ಬ್ರೆಡ್ಡು.

ಇನ್ನು ತಕರಾರು. ಕ್ರೀಮ್ ಕರಗುತ್ತೆ ಅನ್ನೋ ಮಾತೇ ಎಲ್ಲೂ ಇಲ್ಲ! ನಾನು ಬಲ್ಬ್ ಹತ್ರ ಇಟ್ಕೊಂಡು ತಟ್ಟೆಯ ಅಂಡಾಕಾರ ತಿದ್ತಾ ಕೂತಿದ್ದೆ, ತುದಿ ಚೂಪಾಗಬಾರದು ದುಂಡಗೇ ಇರ್ಬೇಕು ಅಂತ, 40 ನಿಮಿಷ ಬಿಟ್ಟು ತಲೆ ಎತ್ತಿದ್ರೆ ಕ್ರೀಮ್ ಪಕ್ಕಕ್ಕೆ ವಾಲಿ ಸ್ಟ್ರಾಬೆರಿ ತಟ್ಟೆಗೆ ಜಾರಿತ್ತು. ಮೇಷ್ಟ್ರ ಸ್ಟ್ರಾಬೆರಿ ಮಾತ್ರ ಹೇಗೆ ಗಟ್ಟಿ ಅಂತ ವಿಡಿಯೋ ಹಿಂದಕ್ಕೆ ಓಡಿಸಿ ನೋಡ್ದೆ, ಒಂದು ಶಾಟಲ್ಲಿ ಎಲೆ ಎಡಕ್ಕಿದೆ, ಮುಂದಿನದ್ರಲ್ಲಿ ಬಲಕ್ಕೆ. ಕೇಕೇ ಬದಲಾಯಿಸಿದಾರೆ ಪುಣ್ಯಾತ್ಮರು! ಕೇಳಿ ಮೆಸೇಜ್ ಹಾಕಿದ್ರೆ ಉತ್ತರ ಇಲ್ಲ. ಈಗ ನಾನೇ ಕಂಡ್ಕೊಂಡ ದಾರಿ ಏನಂದ್ರೆ, ಜೋಡಿಸಿದ ತಕ್ಷಣ ಒಂದು ಫೋಟೋ, ಕ್ರೀಮ್ ಮೊದ್ಲು, ಕ್ರೋಸಾಂಟ್ ಥರದ ಒಣಗಿದ್ದು ಕೊನೆಗೆ.

ಕೇಕ್ ಚಿತ್ರಗಳಿಗೇ ಹೆಸರಾದ ಅಮೆರಿಕದ ಕಲಾವಿದ ವೇಯ್ನ್ ತೀಬೋ ಬಗ್ಗೆ ಎರಡೇ ನಿಮಿಷ. ನೆರಳಿಗೆ ನೀಲಿ ಹಾಕ್ತಿದ್ರು, ಬಣ್ಣಾನ ಐಸಿಂಗ್ ಥರ ದಪ್ಪಗೆ ಬಳೀತಿದ್ರು ಅಂತ ಹೇಳಿ ಮುಗಿಸಿಬಿಟ್ರು. ಅವರು ಆ ಕೇಕ್‌ಗಳನ್ನ ಹೆಚ್ಚಾಗಿ ನೆನಪಿಂದಲೇ ಬರೀತಿದ್ರು ಅನ್ನೋದು ಆಮೇಲೆ ಬೇರೆ ಕಡೆ ಓದಿ ಗೊತ್ತಾಯ್ತು, ಅದನ್ನ ಮೊದಲೇ ಹೇಳಿದ್ರೆ ಕರಗೋ ಕ್ರೀಮ್ ಮುಂದೆ ಇಷ್ಟೊಂದು ಒದ್ದಾಡ್ತಿರ್ಲಿಲ್ಲ.

5ಕ್ಕೆ 3 ಸ್ಟಾರ್, ಅದೂ ಚಾಕುವಿಗೋಸ್ಕರ. ಕ್ರೋಸಾಂಟ್ ಇನ್ನೂ ಟೇಬಲ್ ಮೇಲೇ ಇದೆ, ಕಲ್ಲಾಗಿದೆ, ಇವತ್ತು ಅದರ ನೆರಳು ಮುಗಿಸ್ಬೇಕು.