ಲೀಟರಿಗೂ ಕಿಲೋಗೂ ಬೆಲೆ ಬರೆಯುವ ಗಾಣದ ಅಂಗಡಿ
ನಮ್ಮ ಬಡಾವಣೆಯ ಈ ಮರದ ಗಾಣದ ಅಂಗಡಿಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು, ಕಡಲೆಕಾಯಿ ಎಣ್ಣೆಯ ಬೆಲೆಯನ್ನು ಲೀಟರಿಗೂ ಕಿಲೋಗೂ ಬೇರೆ ಬೇರೆಯಾಗಿ ಬರೆದಿರುವ ಫಲಕ. ಈ ಎಣ್ಣೆಯ ಸಾಂದ್ರತೆ ಮಿಲಿಲೀಟರಿಗೆ ಸುಮಾರು 0.91 ಗ್ರಾಂ ಆಗಿರುವುದರಿಂದ ಒಂದು ಲೀಟರ್ ಎಣ್ಣೆ ತಕ್ಕಡಿಯಲ್ಲಿ ಸುಮಾರು 910 ಗ್ರಾಂ ಮಾತ್ರ ತೂಗುತ್ತದೆ. ಒಂದು ಕಿಲೋ ಕೊಂಡವರಿಗೆ 1.1 ಲೀಟರಿನಷ್ಟು ಸಿಗುತ್ತದೆ. ಹಾಗಾಗಿ ಬೇರೆ ಅಂಗಡಿಯೊಂದಿಗೆ ದರವನ್ನು ಹೋಲಿಸುವವರು ಲೀಟರಿನ ಬೆಲೆಯನ್ನು 0.91ರಿಂದ ಭಾಗಿಸಿ ಕಿಲೋ ಬೆಲೆಗೆ ತಂದುಕೊಳ್ಳಬೇಕು. ಬಿಸಿಯಾದಾಗ ಎಣ್ಣೆ ಹಿಗ್ಗುವುದರಿಂದ ಬೇಸಿಗೆಯಲ್ಲಿ ತೂಕದ ಲೆಕ್ಕದಲ್ಲಿ ಕೊಳ್ಳುವುದೇ ನ್ಯಾಯವೆಂಬುದು ನನ್ನ ಅಭಿಪ್ರಾಯ. ಇಲ್ಲಿ ಕೇಳಿದರೆ ಪಾತ್ರೆಯ ತೂಕವನ್ನು ಕಳೆದು ಎದುರಿಗೇ ತೂಗಿ ಕೊಡುತ್ತಾರೆ. ಎಣ್ಣೆಯ ಪರಿಮಳವೂ ಚೆನ್ನಾಗಿದೆ. ಜೇನುತುಪ್ಪಕ್ಕೆ ಮಾತ್ರ ಲೀಟರಿನ ಬೆಲೆಯಷ್ಟೇ ಇದೆ. ಅದರ ಒಂದು ಲೀಟರ್ ಸುಮಾರು 1.4 ಕಿಲೋ ತೂಗುವುದರಿಂದ ಅಲ್ಲಿಯೂ ಎರಡು ದರಗಳನ್ನು ಬರೆಯಬೇಕು.